ಸುರಪುರದ ಟೇಲರ್ ಮಂಜಿಲ್

ಗ್ರಂಥಕಾರನು ಬಾಳಿದ ಮನೆಯನ್ನು ಅವನ ಕಾಲಾನಂತರವೂ ಕಾಪಾಡಿಕೊಂಡು ಬರುವುದು ಸುಸಂಸ್ಕೃತ ಜನಾಂಗಗಳಲ್ಲಿ ರೂಢಿಯಾಗಿ ಬಂದ ಸಂಗತಿಯು. ಅಮೇರಿಕೆಯ ಕಾದಂಬರಿಕಾರನಾದ ಜ್ಯಾಕ್ ಲಂಡನನು ೧೯೧೬ರಲ್ಲಿ ತೀರಿಕೊಂಡನು. ಕ್ಯಾಲಿಫೋರ್ನಿಯಾದ ಗ್ಲೆನ್ ಎಲೆನ್ ಗ್ರಾಮದ ಬಳಿ ಅವನು ಒಕ್ಕಲುತನ ಮಾಡಿಕೊಂಡಿದ್ದ ಹೊಲಮನೆಗಳನ್ನು ಅಲ್ಲಿಯ ಸರಕಾರವು ಐತಿಹಾಸಿಕ ಉದ್ಯಾನವೆಂದು ರಕ್ಷಿಸಿದೆ. ನಮ್ಮ ನಾಡಿನಲ್ಲಿಯೂ ಕುಪ್ಪಳಿಯ ಕವಿಮನೆಯನ್ನೂ ಪುತ್ತೂರಿನ ಬಾಲವನವನ್ನೂ ನೋಡಲು ಜನರು ದೂರದೂರದಿಂದ ಹೋಗುತ್ತಾರೆ. ಆದರೆ ಲಿಂಗಸುಗೂರು, ಸಿಂಧನೂರು, ಮಸ್ಕಿಗಳ ನಮ್ಮ ವಾಚಕರಿಗೆ ತೀರ ಸಮೀಪದಲ್ಲಿಯೇ, ಕೃಷ್ಣೆಯ ಆಚೆಯ ಸುರಪುರದ ಗುಡ್ಡದ ಮೇಲೆ, ಇಂಥದೇ ಒಂದು ಮನೆಯಿದೆ ಎಂಬುದನ್ನು ಎಷ್ಟು ಜನರು ನೆನೆಯುತ್ತಾರೆ? ಅದುವೇ ಟೇಲರ್ ಮಂಜಿಲ್. ಇಂಗ್ಲಿಷ್ ಸಾಹಿತ್ಯದಲ್ಲಿ ಹೆಸರು ಪಡೆದ ಕರ್ನಲ್ ಫಿಲಿಪ್ ಮೀಡೋಸ್ ಟೇಲರ್ ಸಾಹೇಬರು ಸುರಪುರ ಸಂಸ್ಥಾನದ ಆಡಳಿತವನ್ನು ನಡೆಸುತ್ತಿದ್ದಾಗ ಕಟ್ಟಿಸಿದ ಮನೆಯದು.

ಸುರಪುರವು ಇಂದು ಯಾದಗಿರಿ ಜಿಲ್ಲೆಗೆ ಸೇರಿದ್ದು, ನಮ್ಮ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲಿರುವುದರಿಂದ ಅದು ಪರವೂರೆಂದು ತೋರಬಹುದು. ಆದರೆ ೧೯೦೫ರ ವರೆಗೆ ನಿಜಾಮರ ರಾಜ್ಯದಲ್ಲಿ ಲಿಂಗಸುಗೂರೇ ಒಂದು ಜಿಲ್ಲೆಯಾಗಿದ್ದು, ಸುರಪುರವೂ ಸಿಂಧನೂರೂ ಅದರ ತಾಲೂಕುಗಳಾಗಿದ್ದವು. ಸುರಪುರದ ಕಥೆಯು ನಮ್ಮ ಮನೆಯ ಕಥೆಯೇ ಸರಿ. ಆ ಮಂಜಿಲು ಸರಕಾರದ ಅತಿಥಿಗೃಹವಾಗಿ ಉಳಿದುಬಂದಿರುವುದು ಸಂತೋಷದ ಮಾತು. ಆದರೆ ಗೋಡೆಗಳು ಉಳಿಯುವುದು ಬೇರೆ, ನೆನಪು ಉಳಿಯುವುದು ಬೇರೆ. ಅದಕ್ಕಾಗಿ ಆ ಮನೆಯ ಯಜಮಾನರ ಚರಿತ್ರವನ್ನು ಸಂಕ್ಷೇಪವಾಗಿ ಇಲ್ಲಿ ನಿರೂಪಿಸುತ್ತೇವೆ.

ಟೇಲರರು ೧೮೦೮ನೆಯ ಇಸವಿಯ ಸಪ್ಟೆಂಬರ್ ೨೫ರಂದು ಇಂಗ್ಲಂಡದ ಲಿವರ್‌ಪೂಲಿನಲ್ಲಿ ಒಬ್ಬ ವ್ಯಾಪಾರಿಯ ಮಗನಾಗಿ ಜನಿಸಿದರು. ತಂದೆಯ ವ್ಯಾಪಾರವು ಕುಸಿದದ್ದರಿಂದ ಹದಿನೈದರ ಹುಡುಗನು ಶಾಲೆಯನ್ನು ಬಿಟ್ಟು ಮುಂಬಯಿಯ ಹಡಗನ್ನು ಏರಬೇಕಾಯಿತು. ಅಲ್ಲಿಯ ಒಬ್ಬ ವರ್ತಕನ ಅಂಗಡಿಯಲ್ಲಿ ಗುಮಾಸ್ತನಾಗಿ ಸೇರಿ ಮುಂದೆ ಪಾಲುಗಾರನಾಗುವ ಆಸೆಯಿದ್ದಿತು. ಆದರೆ ಆ ಅಂಗಡಿಯ ಸ್ಥಿತಿಯೂ ಹೇಳಿಕೊಳ್ಳುವಂತಿರಲಿಲ್ಲ. ಒಬ್ಬ ಬಂಧುವಿನ ಸಹಾಯದಿಂದ ೧೮೨೪ರಲ್ಲಿ ನಿಜಾಮರ ಸೈನ್ಯದಲ್ಲಿ ಒಂದು ಕೆಲಸವು ದೊರೆಯಿತು. ಹೀಗೆ ಅವರು ಕಂಪನಿ ಸರಕಾರದ ಖಾಯಂ ಅಧಿಕಾರವರ್ಗಕ್ಕೆ ಸೇರದೆ ದೇಶೀಯ ಪ್ರಭುವಿನ ನೌಕರಿಯಲ್ಲಿಯೇ ಉಳಿದರು. ಇದರಿಂದ ಮುಂದೆ ಅನೇಕ ಸಲ ಅವರ ಬಡ್ತಿಗೆ ಅಡ್ಡಿಯಾಯಿತು. ಆದರೆ ಸಾಹೇಬರ ಕ್ಲಬ್ಬಿನ ಗೋಡೆಯೊಳಗಿದ್ದು ಈ ದೇಶವನ್ನು ನೋಡದೆ, ಜನರ ನಡುವಿನಲ್ಲಿದ್ದು ನೋಡುವ ಭಾಗ್ಯವೂ ಅದರಿಂದಲೇ ದೊರೆಯಿತು.

ಶಾಲೆಯಲ್ಲಿ ದೊರೆಯದ ವಿದ್ಯೆಯನ್ನು ಅವರು ತಮ್ಮ ಪ್ರಯತ್ನದಿಂದಲೇ ಸಂಪಾದಿಸಿದರು. ಹಿಂದುಸ್ತಾನಿಯನ್ನೂ ಪಾರಸಿಯನ್ನೂ ಕಲಿತರು. ಭೂಮಾಪನ, ರಸ್ತೆ ಕೆರೆಗಳ ಕಟ್ಟೋಣ, ಚಿತ್ರಲೇಖನ, ಕಾಯಿದೆಗಳಲ್ಲಿ ಪರಿಶ್ರಮ ಪಡೆದರು. ಹೈದರಾಬಾದಿನ ಪ್ರಸಿದ್ಧ ಸಾಹುಕಾರ ವಿಲಿಯಂ ಪಾಮರರ ಮಗಳಾದ ಮೇರಿಯನ್ನು ಮದುವೆಯಾದರು. ಪಾಮರರ ತಾಯಿಯು ಈ ದೇಶದ ಮುಸಲ್ಮಾನ ಹೆಣ್ಣುಮಗಳು. ಆದುದರಿಂದ ಟೇಲರರ ಸಂಸಾರದಲ್ಲಿಯೇ ಹಿಂದುಸ್ತಾನದ ರಕ್ತವು ಬೆರೆತಿತ್ತು. ಆರಂಭದಲ್ಲಿ ಪೋಲೀಸ ಅಧಿಕಾರದಲ್ಲಿದ್ದಾಗ ಠಕ್ಕರ ವಿಷಯವಾಗಿ ಅವರಿಗೆ ತಿಳಿದುಬಂದ ಸಂಗತಿಗಳು ಮುಂದೆ ‘ಕನ್ಫೆಶನ್ಸ್ ಆಫ್ ಎ ಥಗ್’ ಎಂಬ ಕಾದಂಬರಿಯಾಗಿ ೧೮೩೯ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಅಮೀರ ಅಲಿಯೆಂಬ ಠಕ್ಕನು ತಾನೇ ತನ್ನ ಕೊಲೆಗಳನ್ನು ಹೇಳಿಕೊಳ್ಳುವ ಈ ಪುಸ್ತಕವನ್ನು ವಿಕ್ಟೋರಿಯಾ ರಾಣಿಯೂ ಓದಿದಳು. ಟೇಲರರ ಹೆಸರು ಇಂಗ್ಲಂಡದ ಮನೆಮನೆಗೂ ಮುಟ್ಟಿತು. ಈ ಪುಸ್ತಕದಿಂದ ಹಿಂದುಸ್ತಾನವೆಂದರೆ ಕೊರಳಿಗೆ ಉರುಳು ಹಾಕುವವರ ದೇಶವೆಂಬ ಭ್ರಮೆಯು ಪರದೇಶದ ಓದುಗರಲ್ಲಿ ಬೆಳೆಯಿತೆಂಬುದನ್ನು ನಾವು ಮರೆಮಾಚುವುದಿಲ್ಲ. ಆದರೆ ಗ್ರಂಥಕಾರರು ಈ ದೇಶದ ಕುರಿತು ಬರೆದ ಮೊದಲ ಮಾತು ಅದು, ಕೊನೆಯ ಮಾತಲ್ಲ.

೧೮೪೧ರಲ್ಲಿ ಅವರು ಸುರಪುರಕ್ಕೆ ಬಂದರು. ಬೇಡರ ನಾಯಕರ ಈ ಹಳೆಯ ಸಂಸ್ಥಾನವು ಆಗ ಸಾಲದಲ್ಲಿ ಮುಳುಗಿ, ಒಳಜಗಳಗಳಿಂದ ಜರ್ಜರಿತವಾಗಿದ್ದಿತು. ರಾಜಾ ಕೃಷ್ಣಪ್ಪ ನಾಯಕರು ಕಾಲವಾದ ಮೇಲೆ ಗಾದಿಗೆ ವಾರಸನಾದ ವೆಂಕಟಪ್ಪ ನಾಯಕನು ಏಳೆಂಟು ವರ್ಷದ ಬಾಲಕನು. ತಾಯಿಯಾದ ರಾಣಿ ಈಶ್ವರಮ್ಮನು ತೇಜಸ್ವಿನಿಯೂ ಹಠವಾದಿಯೂ ಆಗಿದ್ದು, ಹೊರಗಿನಿಂದ ಬಂದ ಸಾಹೇಬನ ಕೈಗೆ ಅಧಿಕಾರವು ಹೋಗುವುದನ್ನು ಸುಲಭವಾಗಿ ಸಹಿಸಲಿಲ್ಲ. ಯಾವ ತಾಯಿಯು ತಾನೇ ಸಹಿಸಿಯಾಳು? ಇಂಥ ಸ್ಥಿತಿಯಲ್ಲಿ ಟೇಲರರು ೧೮೫೩ರ ವರೆಗೆ ಸಂಸ್ಥಾನವನ್ನು ನಡೆಸಿದರು. ಹಳೆಯ ಸಾಲಗಳನ್ನು ಕ್ರಮಕ್ಕೆ ತಂದರು, ರಸ್ತೆಗಳನ್ನು ಮಾಡಿಸಿದರು, ಕೆರೆಗಳನ್ನು ದುರಸ್ತಿಗೊಳಿಸಿದರು. ಬೋನಾಳದ ದೊಡ್ಡ ಕೆರೆಯ ಜೀರ್ಣೋದ್ಧಾರದೊಂದಿಗೆ ಅವರ ಹೆಸರು ಇಂದಿಗೂ ಕೂಡಿಕೊಂಡಿದೆ. ಬಿಡುವಿನ ವೇಳೆಯಲ್ಲಿ ರಾಜನ ಕೋಳೂರು ಮೊದಲಾದ ಗ್ರಾಮಗಳ ಬಯಲಿನಲ್ಲಿದ್ದ ಪುರಾತನ ಕಲ್ಲುಗೋರಿಗಳನ್ನು ಅಳೆದು, ಅಗೆಯಿಸಿ, ವಿವರವಾಗಿ ಬರೆದಿಟ್ಟರು. ದಖ್ಖನಿನ ಪ್ರಾಗಿತಿಹಾಸದ ಶೋಧಕ್ಕೆ ಈ ಲೇಖನಗಳು ಮೊದಲ ಹೆಜ್ಜೆಗಳೆಂದು ಪಂಡಿತರು ಒಪ್ಪುತ್ತಾರೆ. ೧೯೧೫ರಲ್ಲಿ ಅಶೋಕನ ಹೆಸರುಳ್ಳ ಶಾಸನವು ದೊರೆತ ನಮ್ಮ ಮಸ್ಕಿಯಲ್ಲಿ ೧೯೫೪ರಲ್ಲಿ ಉತ್ಖನನ ನಡೆದಾಗ, ಬೃಹತ್‌ಶಿಲೆಗಳ ಕಾಲದ ಗೋರಿಗಳು ಅಲ್ಲಿಯೂ ಕಂಡುಬಂದವು. ಹೊಳೆಯ ಆಚೆ ಟೇಲರರು ಹಿಡಿದ ದಾರಿಯೇ ಈಚೆಗೆ ನಮ್ಮ ಊರಿನ ವರೆಗೂ ಬಂದಿತೆನ್ನಬೇಕು.

ಇಷ್ಟಾದರೂ ಸುರಪುರದಲ್ಲಿ ಅವರು ಮಾಡಿದ ಮುಖ್ಯ ಕೆಲಸವು ರಸ್ತೆಯೂ ಅಲ್ಲ, ಕೆರೆಯೂ ಅಲ್ಲ. ಒಬ್ಬ ಹುಡುಗನನ್ನು ಬೆಳೆಸಿದ್ದು. ಬಾಲರಾಜನು ಅವರನ್ನು ಅಪ್ಪಾ ಎಂದು ಕರೆಯುತ್ತಿದ್ದನು. ೧೮೪೪ರಲ್ಲಿ ಪತ್ನಿಯನ್ನು ಕಳೆದುಕೊಂಡ ಟೇಲರರಿಗೂ ಆ ಮಗುವಿನ ಮೇಲೆ ಹೆತ್ತವರ ವಾತ್ಸಲ್ಯವೇ ಇದ್ದಿತು. ಹುಡುಗನು ಪ್ರಾಪ್ತವಯಸ್ಕನಾದ ಕೂಡಲೇ ೧೮೫೩ರಲ್ಲಿ ಸಂಸ್ಥಾನವನ್ನು ಅವನ ಕೈಗೆ ಒಪ್ಪಿಸಿ ಅವರು ಸುರಪುರವನ್ನು ಬಿಟ್ಟರು. ಅದೇ ವರ್ಷ ನಿಜಾಮರಿಂದ ಕಂಪನಿಯ ವಶಕ್ಕೆ ಬಂದ ಪ್ರದೇಶಗಳಲ್ಲಿ ನಳದುರ್ಗದ ಭಾಗವು ಅವರ ಪಾಲಿಗೆ ಬಂದಿತು. ನಮ್ಮ ರಾಯಚೂರು ದೋಆಬವೂ ಆಗಲೇ ಕಂಪನಿಯ ವಶವಾಗಿ, ೧೮೬೦ರಲ್ಲಿ ನಿಜಾಮರಿಗೆ ಮರಳಿತೆಂಬುದನ್ನು ವಾಚಕರು ಬಲ್ಲರು. ೧೮೫೭ರಲ್ಲಿ ಉತ್ತರ ಹಿಂದುಸ್ತಾನವು ಹೊತ್ತಿ ಉರಿಯುತ್ತಿದ್ದಾಗ ಟೇಲರರನ್ನು ವರ್‍ಹಾಡಕ್ಕೆ ಕಳುಹಿಸಿದರು. ಕೈಯಲ್ಲಿ ಸೈನ್ಯವಿಲ್ಲದಿದ್ದರೂ ಜನರ ವಿಶ್ವಾಸದ ಬಲದಿಂದಲೇ ಅವರು ಅಲ್ಲಿ ಶಾಂತಿಯನ್ನು ಕಾಯ್ದರು.

ಆದರೆ ಅವರು ಸಾಕಿದ ಹುಡುಗನು ಬೇರೆ ದಾರಿಯನ್ನು ಹಿಡಿದಿದ್ದನು. ರಾಜಾ ವೆಂಕಟಪ್ಪ ನಾಯಕರು ಸೈನ್ಯವನ್ನು ಕೂಡಿಸುತ್ತಿರುವರೆಂಬ ಸುದ್ದಿಯು ಹೈದರಾಬಾದಿಗೆ ಮುಟ್ಟಿತು. ಲಿಂಗಸುಗೂರಿನ ಛಾವಣಿಯಿಂದ ದಂಡು ಸುರಪುರಕ್ಕೆ ಹೊರಟಿತು. ೧೮೫೮ರ ಫೆಬ್ರುವರಿಯಲ್ಲಿ ಸುರಪುರದ ಬಯಲಿನಲ್ಲಿ ಕದನವಾಗಿ, ಇಂಗ್ಲಿಷರ ಕ್ಯಾಪ್ಟನ್ ನ್ಯೂಬೆರಿಯು ಬಿದ್ದನು. ಸುರಪುರದ ವೀರರೂ ಬಿದ್ದರು. ಹೆಚ್ಚಿನ ಸೈನ್ಯವು ಬರುವುದನ್ನು ಕಂಡು ರಾಜರು ಕೆಲವೇ ಜನರೊಡನೆ ಹೈದರಾಬಾದಿಗೆ ಹೋದರು; ಅಲ್ಲಿ ಅವರನ್ನು ಹಿಡಿದು ರೆಸಿಡೆಂಟನಿಗೆ ಒಪ್ಪಿಸಲಾಯಿತು. ಆಗ ಅವರ ವಯಸ್ಸು ಸುಮಾರು ಇಪ್ಪತ್ತನಾಲ್ಕು.

ಸೆರೆಯಲ್ಲಿದ್ದ ರಾಜರನ್ನು ಕಾಣಲು ಟೇಲರರು ಹೋದರು. ಈ ಭೆಟ್ಟಿಯ ವೃತ್ತಾಂತವನ್ನು ಅವರು ತಮ್ಮ ಆತ್ಮಚರಿತ್ರದಲ್ಲಿ ಬರೆದಿಟ್ಟಿದ್ದಾರೆ. ತಂದೆಯಂತಿದ್ದವನನ್ನು ಕಂಡು ಆ ಯುವಕನು ಅಪ್ಪಿಕೊಂಡು ಅತ್ತನು. ಆದರೆ ದಂಗೆಗೆ ಪ್ರೇರಿಸಿದವರ ಹೆಸರುಗಳನ್ನು ಹೇಳಿದರೆ ದಯೆ ದೊರೆಯಬಹುದೆಂಬ ಸೂಚನೆಯು ಬಂದಾಗ, ತನ್ನನ್ನು ನಂಬಿದವರನ್ನು ಹಿಡಿದುಕೊಡಲು ಅವನು ಒಪ್ಪಲಿಲ್ಲ. ಪ್ರಾಣವನ್ನು ಬೇಡಿಕೊಳ್ಳುವ ಹೇಡಿಯು ತಾನಲ್ಲವೆಂದನು. ಕೊಲ್ಲುವುದಾದರೆ ಕಳ್ಳನಂತೆ ಗಲ್ಲಿಗೇರಿಸದೆ ತೋಪಿನ ಬಾಯಿಗೆ ಕಟ್ಟಿ ಹಾರಿಸಬೇಕೆಂದು ಕೇಳಿಕೊಂಡನು. ಟೇಲರರು ಮುಂದೆ ಒತ್ತಾಯಿಸಲಿಲ್ಲ. ಪರರಾಜ್ಯದ ಅಧಿಕಾರಿಯೊಬ್ಬನು ತನ್ನ ಸರಕಾರದ ಶತ್ರುವಿನ ಧೈರ್ಯವನ್ನು ಮುಚ್ಚಿಡದೆ ಬರೆದಿಟ್ಟಿರುವುದರಿಂದಲೇ ಈ ಸಂಗತಿಯು ನಮಗೆ ಉಳಿದಿದೆ. ಇದಕ್ಕಾಗಿ ಕರ್ನಾಟಕವು ಟೇಲರರಿಗೆ ಋಣಿಯಾಗಿದೆಯೆಂದು ಹೇಳಲು ನಾವು ಸಂಕೋಚಪಡುವುದಿಲ್ಲ.

ಸೈನಿಕ ನ್ಯಾಯಾಲಯವು ರಾಜರಿಗೆ ಮರಣದಂಡನೆಯನ್ನು ವಿಧಿಸಿತು. ರೆಸಿಡೆಂಟನು ಅದನ್ನು ಆಜೀವ ಗಡೀಪಾರಿಗೆ ಇಳಿಸಿದನು. ಗವರ್ನರ್ ಜನರಲನು ಅದನ್ನೂ ತಗ್ಗಿಸಿ, ಚಂಗಲಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆಯೆಂದು ಗೊತ್ತುಮಾಡಿದನು. ನಡತೆಯು ಸರಿಯೆಂದು ಕಂಡರೆ ಸಂಸ್ಥಾನವನ್ನು ಮರಳಿ ಕೊಡುವ ಮಾತೂ ಇದ್ದಿತು. ಆದರೆ ೧೮೫೮ರ ಮೇ ತಿಂಗಳಲ್ಲಿ ಚಂಗಲಪಟ್ಟಿನ ದಾರಿಯ ಮೊದಲ ಬಿಡಾರದಲ್ಲಿಯೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ರಾಜರು ಮೃತರಾದರು. ಅದು ಕೈತಪ್ಪಿ ಆದುದೋ, ಬೇಕೆಂದೇ ಮಾಡಿಕೊಂಡದ್ದೋ ಎಂಬ ಚರ್ಚೆಯು ಇನ್ನೂ ನಿಂತಿಲ್ಲ. ಈ ಹುಡುಗನು ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟಲಾರನೆಂದು ಒಬ್ಬ ಜೋಯಿಸನು ಬಹಳ ಹಿಂದೆಯೇ ತಮಗೆ ಗುಟ್ಟಾಗಿ ಹೇಳಿದ್ದನೆಂದು ಟೇಲರರು ಬರೆಯುತ್ತಾರೆ. ಜಾತಕದ ಮಾತನ್ನು ನಾವು ಜೋಯಿಸರಿಗೇ ಬಿಡುತ್ತೇವೆ. ಸುರಪುರದ ದುರ್ಗತಿಗೆ ಕಾರಣವು ಗ್ರಹಗಳಲ್ಲಿರಲಿಲ್ಲ. ನಾಡಿನ ಅರಸನನ್ನು ಪರರ ಅಪ್ಪಣೆಗೆ ಕಟ್ಟಿಹಾಕಿದ ಕರಾರುಗಳಲ್ಲಿತ್ತು. ೧೮೬೦ರಲ್ಲಿ ಇಂಗ್ಲಿಷರು ಆ ಸಂಸ್ಥಾನವನ್ನು ನಿಜಾಮರಿಗೆ ಕೊಟ್ಟುಬಿಟ್ಟರು. ದೇಹಸ್ಥಿತಿಯು ಕೆಟ್ಟ ಟೇಲರರು ಅದೇ ವರ್ಷ ಸ್ವದೇಶಕ್ಕೆ ಹೊರಟರು.

ವಿಶ್ರಾಂತಿಯ ಕಾಲದಲ್ಲಿ ಅವರು ಬರೆದ ಕಾದಂಬರಿಗಳಲ್ಲಿ ‘ತಾರಾ’ ೧೮೬೩ರಲ್ಲಿಯೂ ‘ರಾಲ್ಫ್ ಡಾರ್ನೆಲ್’ ೧೮೬೫ರಲ್ಲಿಯೂ ‘ಸೀತಾ’ ೧೮೭೨ರಲ್ಲಿಯೂ ಹೊರಬಂದವು. ಇವು ಕ್ರಮವಾಗಿ ೧೬೫೭, ೧೭೫೭, ೧೮೫೭ರ ಕಾಲದ ಕಥೆಗಳು. ‘ಸೀತಾ’ದಲ್ಲಿ ಹಿಂದೂ ವಿಧವೆಯೊಬ್ಬಳು ಇಂಗ್ಲಿಷ್ ಅಧಿಕಾರಿಯ ಧರ್ಮಪತ್ನಿಯಾಗುತ್ತಾಳೆ. ೧೮೫೭ರ ದ್ವೇಷವು ಇನ್ನೂ ಆರದಿದ್ದ ಕಾಲದಲ್ಲಿ ಇಂಥ ಕಥೆಯನ್ನು ಬರೆಯಲು ಎದೆಗಾರಿಕೆಯು ಬೇಕಾಗಿತ್ತು. ಚಾಂದಬೀಬಿಯ ಕಥೆಯಾದ ‘ಎ ನೋಬಲ್ ಕ್ವೀನ್’ ಎಂಬುದು ಅವರ ಮರಣಾನಂತರ ೧೮೭೮ರಲ್ಲಿ ಪ್ರಕಟವಾಯಿತು. ಲಿಂಗಸುಗೂರು ತಾಲೂಕಿನ ವಾಚಕರು ಈ ಪುಸ್ತಕವನ್ನು ಅವಶ್ಯವಾಗಿ ನೋಡಬೇಕು. ಏಕೆಂದರೆ ಕೃಷ್ಣೆಯು ಬಂಡೆಗಳಿಂದ ಧುಮುಕುವ ಜಲದುರ್ಗವೂ, ಮುದಗಲ್ಲಿನ ಕೋಟೆಯೂ, ಅಲ್ಲಿಯ ಪೋರ್ತುಗೀಜ ಪಾದ್ರಿಗಳೂ, ಬೇಡರ ನಾಯಕರೂ ಅದರಲ್ಲಿ ಜೀವಂತವಾಗಿ ಬಂದಿದ್ದಾರೆ. ೧೮೭೫ರಲ್ಲಿ ಸಾಲಾರಜಂಗರ ಆಮಂತ್ರಣದಂತೆ ಅವರು ಕೊನೆಯ ಸಲ ಹೈದರಾಬಾದಿಗೆ ಬಂದರು. ಆಗ ಅವರ ಕಣ್ಣು ಮಂದವಾಗಿತ್ತು. ಮರಳಿ ಹೋಗುವಾಗ ಫ್ರಾನ್ಸಿನ ಮಾಂತೋನಿನಲ್ಲಿ ೧೮೭೬ರ ಮೇ ೧೩ರಂದು ತೀರಿಕೊಂಡರು. ಆತ್ಮಚರಿತ್ರವನ್ನು ಅವರ ಮಗಳು ಮರುವರ್ಷ ಪ್ರಕಟಿಸಿದಳು.

ಸ್ವತಂತ್ರವಾದ ನಾಡು ಪರಕೀಯ ಅಧಿಕಾರಿಯ ಮನೆಯನ್ನು ಏಕೆ ಕಾಪಾಡಬೇಕೆಂದು ಕೆಲವರು ಕೇಳಬಹುದು. ಪ್ರಶ್ನೆಯು ಯೋಗ್ಯವಾದದ್ದೇ. ಟೇಲರರು ಸಜ್ಜನರು, ದಕ್ಷರು, ಪ್ರಜೆಗಳನ್ನು ಪ್ರೀತಿಸಿದವರು. ಪರರಾಜ್ಯವು ಕೊಡಬಹುದಾದ ಅತ್ಯುತ್ತಮ ಅಧಿಕಾರಿಯು ಹೇಗಿರಬಹುದೋ ಹಾಗೆಯೇ ಅವರಿದ್ದರು. ಆದರೂ ತಾವು ಮಗನಂತೆ ಬೆಳೆಸಿದ ಅರಸನನ್ನು ಅವರಿಂದ ಉಳಿಸಲಾಗಲಿಲ್ಲ. ಅವರು ಸಾಲವನ್ನು ತೀರಿಸಬಲ್ಲವರಾಗಿದ್ದರು, ಕೆರೆಯ ಏರಿಯನ್ನು ಕಟ್ಟಬಲ್ಲವರಾಗಿದ್ದರು. ಆದರೆ ತನ್ನ ನಾಡನ್ನು ತಾನೇ ಆಳಬೇಕೆಂಬ ಆ ಯುವಕನ ಹಂಬಲಕ್ಕೆ ಅವರ ಬಳಿ ಉತ್ತರವಿರಲಿಲ್ಲ. ಆಳುವವನ ಒಳ್ಳೆಯತನವು ಆಳಿಸಿಕೊಳ್ಳುವವನ ಸ್ವಾತಂತ್ರ್ಯಕ್ಕೆ ಬದಲಾಗಲಾರದು. ಗ್ರಂಥಗಳಿಂದ ಈ ಪಾಠವನ್ನು ಕಲಿಯಬಹುದು. ಆದರೆ ಸುರಪುರದ ಗುಡ್ಡದ ಮೇಲೆ ನಿಂತು ಕೆಳಗೆ ಊರನ್ನು ನೋಡುವವನಿಗೆ ಅದು ಬೇಗನೆ ಮನದಟ್ಟಾಗುತ್ತದೆ.

ಆದುದರಿಂದ ಆ ಮಂಜಿಲು ಅಧಿಕಾರಿಗಳು ಒಂದು ರಾತ್ರಿ ತಂಗಿ ಹೋಗುವ ಸ್ಥಳವಾಗಿಯಷ್ಟೇ ಉಳಿಯಬಾರದೆಂದು ನಮ್ಮ ಅಭಿಪ್ರಾಯವು. ಅದರಲ್ಲಿ ಒಂದೆರಡು ಕೋಣೆಗಳನ್ನಾದರೂ ಬೇರ್ಪಡಿಸಿ, ಟೇಲರರ ಗ್ರಂಥಗಳನ್ನೂ ಅವುಗಳ ಕನ್ನಡ ಅನುವಾದಗಳನ್ನೂ, ಸುರಪುರದ ನಾಯಕರ ಚರಿತ್ರಕ್ಕೆ ಸಂಬಂಧಿಸಿದ ಕಾಗದಪತ್ರಗಳ ಪ್ರತಿಗಳನ್ನೂ, ಈ ಸೀಮೆಯ ಕಲ್ಲುಗೋರಿಗಳ ನಕ್ಷೆಗಳನ್ನೂ ಅಲ್ಲಿ ಇಡಬೇಕು. ಗೋಡೆಯ ಮೇಲೆ ಟೇಲರರ ಚಿತ್ರವಿದ್ದರೆ ಅದರ ಪಕ್ಕದಲ್ಲಿ ರಾಜಾ ವೆಂಕಟಪ್ಪ ನಾಯಕರ ಹೆಸರು ಅಷ್ಟೇ ದೊಡ್ಡ ಅಕ್ಷರಗಳಲ್ಲಿರಬೇಕು. ಲಿಂಗಸುಗೂರು, ಸಿಂಧನೂರು, ಮಸ್ಕಿಗಳ ಶಾಲೆಗಳ ಉಪಾಧ್ಯಾಯರು ವರ್ಷಕ್ಕೊಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಈ ಇಬ್ಬರ ಕಥೆಯನ್ನೂ ಹೇಳಬೇಕು. ಇದಕ್ಕೆ ದೊಡ್ಡ ಖರ್ಚು ಬೇಕಿಲ್ಲ. ಸಂಬಂಧಪಟ್ಟ ಅಧಿಕಾರಿಗಳ ಮನಸ್ಸು ಬೇಕು. ಅಪ್ಪನ ಮನೆಯಲ್ಲಿ ಮಗನಿಗೂ ಸ್ಥಳವಿರಲೆಂಬ ಈ ಮಾತನ್ನು ಅವರು ಮನಸ್ಸಿಗೆ ತಂದುಕೊಳ್ಳುವರೆಂದು ನಾವು ನಂಬುತ್ತೇವೆ.