ವೆಲ್ಲೂರಿನ ಡಾಕ್ಟರ್ ಐಡಾ ಅಮ್ಮನವರು

ವೈದ್ಯನು ನೆರೆಮನೆಯಲ್ಲಿದ್ದರೂ ರೋಗಿಯು ಸಾಯುವುದುಂಟು. ಹೀಗೆ ಸತ್ತ ಮೂವರು ಸ್ತ್ರೀಯರ ನಿಮಿತ್ತವಾಗಿ ಒಬ್ಬ ಯುವತಿಯ ಬಾಳಿನ ದಾರಿಯು ತಿರುಗಿದ ವೃತ್ತಾಂತವನ್ನು ಕೇಳಿರಿ.

ಐಡಾ ಸ್ಕಡ್ಡರ್ ಅಮ್ಮನವರು 1870ನೆಯ ಇಸವಿ ದಶಂಬರ 9ರಂದು ತಮಿಳು ಸೀಮೆಯ ರಾಣಿಪೇಟೆಯಲ್ಲಿ ಹುಟ್ಟಿದರು. ಅವರ ಅಜ್ಜಂದಿರು 1819ರಲ್ಲಿ ಅಮೇರಿಕವನ್ನು ಬಿಟ್ಟು ಬಂದ ವೈದ್ಯ ಮಿಶನರಿಗಳು, ತಂದೆಯವರೂ ವೈದ್ಯರೇ. ಆದರೂ ಮಗಳಿಗೆ ಈ ಸೇವೆಯಲ್ಲಿ ಮನಸ್ಸಿರಲಿಲ್ಲ. ಚಿಕ್ಕಂದಿನಲ್ಲಿಯೇ ಬರಗಾಲದ ಸಂಕಟವನ್ನು ಕಂಡಿದ್ದ ಅವರು ಅಮೇರಿಕದಲ್ಲಿ ಓದಿ ಅಲ್ಲಿಯೇ ನೆಲಸಬೇಕೆಂದಿದ್ದರು. 1890ರಲ್ಲಿ ತಾಯಿಯ ಅಸ್ವಸ್ಥತೆಯ ಕಾರಣ ದಿಂಡಿವನಕ್ಕೆ ಬಂದದ್ದೂ ಸ್ವಲ್ಪ ಕಾಲಕ್ಕೆ ಮಾತ್ರ.

ಅಲ್ಲಿ ಒಂದು ರಾತ್ರಿ ಒಬ್ಬ ಬ್ರಾಹ್ಮಣನು ಬಂದು, ತನ್ನ ಎಳೆಯ ಹೆಂಡತಿಯು ಪ್ರಸವವೇದನೆಯಲ್ಲಿ ಸಾಯುತ್ತಿರುವಳೆಂದೂ ಐಡಾ ಅಮ್ಮನವರು ಬರಬೇಕೆಂದೂ ಬೇಡಿಕೊಂಡನು. ತನಗೆ ವೈದ್ಯ ತಿಳಿಯದು, ತಂದೆಯವರನ್ನು ಕರೆದುಕೊಂಡು ಹೋಗಬಹುದೆಂದು ಅವರು ಹೇಳಿದರು. ಪರಪುರುಷನು ತನ್ನ ಹೆಂಡತಿಯನ್ನು ನೋಡಲಾಗದೆಂದು ಅವನು ಹಿಂದಿರುಗಿದನು. ಅದೇ ರಾತ್ರಿ ಒಬ್ಬ ಮುಸಲ್ಮಾನನೂ ಬಳಿಕ ಮತ್ತೊಬ್ಬ ಹಿಂದೂ ಗೃಹಸ್ಥನೂ ಇದೇ ಸಂಕಟದಿಂದ ಬಂದು, ಇದೇ ಕಾರಣದಿಂದ ಬರಿಗೈಯಲ್ಲಿ ಹೋದರು. ಬೆಳಗಾದ ಮೇಲೆ ವಿಚಾರಿಸಲಾಗಿ ಮೂವರು ಹೆಂಗಸರೂ ತೀರಿಹೋಗಿದ್ದರು. ಅಮ್ಮನವರು ಬಹಳವಾಗಿ ದುಃಖಿಸಿ ಪ್ರಾರ್ಥಿಸಿ, ವೈದ್ಯವನ್ನು ಕಲಿತು ಈ ದೇಶದ ಸ್ತ್ರೀಯರ ಬಳಿಗೆ ಮರಳಿ ಬರುವೆನೆಂದು ನಿಶ್ಚಯಿಸಿದರು.

1899ರಲ್ಲಿ ವೈದ್ಯ ಪದವಿಯನ್ನು ಹೊಂದಿ, 1900ರಲ್ಲಿ ವೆಲ್ಲೂರಿಗೆ ಬಂದರು. ಷೆಲ್ ಎಂಬ ಧನಿಕರು ತಮ್ಮ ಪತ್ನಿಯ ಜ್ಞಾಪಕಾರ್ಥವಾಗಿ 10,000 ಡಾಲರುಗಳನ್ನು ಕೊಟ್ಟಿದ್ದರು. ಅದೇ ವರುಷ ತಂದೆಯವರು ತೀರಿಕೊಂಡರು. ಹೊಸ ಡಾಕ್ಟರಮ್ಮನ ಬಳಿಗೆ ಬರಲು ಜನರು ಮೊದಮೊದಲು ಅಂಜಿದರು. ಆದರೂ ಅವರು ಎದೆಗುಂದದೆ ಬಂಗಲೆಯ ಒಂದು ಚಿಕ್ಕ ಕೋಣೆಯಲ್ಲಿ ಚಿಕಿತ್ಸೆಯನ್ನು ನಡಿಸಿದರು. 1902ರಲ್ಲಿ 40 ಹಾಸಿಗೆಗಳ ಆಸ್ಪತ್ರೆಯು ತೆರೆಯಲ್ಪಟ್ಟಿತು. ಪಟ್ಟಣಕ್ಕೆ ಬರಲಾರದ ಬಡವರಿಗಾಗಿ ಅಮ್ಮನವರೇ ಗುಡಿಯಾತ್ತದ ದಾರಿಯಲ್ಲಿ ಹೋಗಿ, ಮರದ ನೆರಳಿನಲ್ಲಿ ನಿಂತು, ಹುಣ್ಣುಗಳನ್ನು ತೊಳೆದು ಕಟ್ಟಿ ಔಷಧ ಕೊಡುತ್ತಿದ್ದರು. ಊರವರು ದೂರವಿಟ್ಟ ಕುಷ್ಠರೋಗಿಗಳನ್ನೂ ಅವರು ದೂರವಿಡಲಿಲ್ಲ.

ಆದರೆ ತಾನೊಬ್ಬಳೇ ಎಷ್ಟು ಮನೆಗಳಿಗೆ ಹೋಗಬಲ್ಲಳೆಂಬ ಚಿಂತೆಯು ಅವರನ್ನು ಬಿಡಲಿಲ್ಲ. ಈ ದೇಶದ ಹೆಣ್ಣುಮಕ್ಕಳೇ ಕಲಿಯಬೇಕೆಂದು 1909ರಲ್ಲಿ ದಾದಿಯರ ಶಾಲೆಯನ್ನೂ 1918ರಲ್ಲಿ ಸ್ತ್ರೀಯರ ವೈದ್ಯ ಶಾಲೆಯನ್ನೂ ಸ್ಥಾಪಿಸಿದರು. ಮೂವರು ಅರ್ಜಿ ಹಾಕಿದರೆ ಭಾಗ್ಯವೆಂದು ಸರಕಾರದ ಮುಖ್ಯ ವೈದ್ಯಾಧಿಕಾರಿಗಳು ಎಣಿಸಿದ್ದರು. 151 ಮಂದಿ ಅರ್ಜಿ ಹಾಕಿದರು. 1922ರಲ್ಲಿ ಮೊದಲನೆಯ ವರ್ಗದ 14 ಮಂದಿ ವೈದ್ಯರಾಗಿ ಹೊರಬಂದರು. 1938ರಲ್ಲಿ ಸರಕಾರವು ಮೇಲಿನ ಪದವಿಯೇ ಬೇಕೆಂದು ವಿಧಿಸಲು ಶಾಲೆಯು ಮುಚ್ಚುವ ಹಾಗಾಯಿತು. ಎಪ್ಪತ್ತು ವರುಷ ದಾಟಿದ ಅಮ್ಮನವರು ಅಮೇರಿಕಕ್ಕೆ ಹೋಗಿ ಊರೂರು ತಿರುಗಿ ಹಣ ಕೂಡಿಸಿದರು. 1942ರಲ್ಲಿ ಶಾಲೆಯು ಕಾಲೇಜಾಯಿತು. 1947ರಿಂದ ಗಂಡುಮಕ್ಕಳೂ ಅಲ್ಲಿ ಕಲಿಯತೊಡಗಿದರು. 1960ನೆಯ ಇಸವಿ ಮೇ ತಿಂಗಳಲ್ಲಿ ಅಮ್ಮನವರು ಕೊಡೈಕಾನಲಿನಲ್ಲಿ ಕರ್ತನಲ್ಲಿ ನಿದ್ರೆಹೋದರು. ಅವರ ಆಸ್ಪತ್ರೆಯಲ್ಲಿ ಇಂದಿಗೂ ಎಲ್ಲಾ ಜಾತಿಮತಗಳ ರೋಗಿಗಳು ಆರೈಕೆ ಹೊಂದುತ್ತಾರೆ.

ಸಹೋದರ ಸಹೋದರಿಯರೇ, ಆ ಮೂವರು ಹೆಂಗಸರನ್ನು ಬೇನೆಯೊಂದೇ ಕೊಲ್ಲಲಿಲ್ಲ, ಮರ್ಯಾದೆಯೆಂದು ನಾವು ಕರೆಯುವ ವಾಡಿಕೆಯೂ ಕೊಂದಿತು. ನಮ್ಮ ಮನೆಗಳಲ್ಲಿಯೂ ಬಸುರಿಯ ಬೇನೆಯನ್ನು ಮುಚ್ಚಿಡುವುದು, ಜನರು ಏನೆಂದಾರು ಎಂದು ತಡಮಾಡುವುದು ಉಂಟಷ್ಟೆ. ಹಾಗೆ ಮಾಡಬೇಡಿರಿ. ನಿಮ್ಮ ಹೆಣ್ಣುಮಕ್ಕಳಲ್ಲಿ ಕಲಿಯುವ ಮನಸ್ಸುಳ್ಳವಳನ್ನು ತಡೆಯಬೇಡಿರಿ. ನಡುರಾತ್ರಿಯಲ್ಲಿ ಯಾರಾದರೂ ಬಾಗಿಲು ತಟ್ಟಿದಾಗ ಎದ್ದು ಹೋಗಬಲ್ಲವಳು ನಮ್ಮ ಸಭೆಯಲ್ಲಿಯೂ ಒಬ್ಬಳಿರಲಿ.