ಲಸಿಕೆಯ ತಪಸ್ವಿ ಹಾಫ್‌ಕಿನ್

ಮುಂಬಯಿಯ ಪರೇಲಿನಲ್ಲಿರುವ ಹಾಫ್‌ಕಿನ್ ಸಂಸ್ಥೆಯ ಹೆಸರನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಕೇಳಿರಬಹುದು. ಆದರೆ ಆ ಹೆಸರಿನ ಮಹನೀಯರು ಯಾರು, ಈ ನಗರಕ್ಕೆ ಅವರು ಮಾಡಿದ ಉಪಕಾರವೇನು ಎಂಬುದನ್ನು ಅರಿತವರು ವಿರಳ.

ವಾಲ್ಡೆಮಾರ್ ಹಾಫ್‌ಕಿನ್ನರು 1860ರಲ್ಲಿ ಆಗಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ನಗರದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ವಿಶ್ವವಿದ್ಯಾಲಯದಲ್ಲಿ ಅವರಿಗೆ ಗುರುಗಳಾಗಿ ದೊರೆತವರು ಮೆಚ್ನಿಕಾಫರು. ದೇಹದ ಕೆಲವು ಕೋಶಗಳು ರೋಗಾಣುಗಳನ್ನು ನುಂಗಿ ನಮ್ಮನ್ನು ಕಾಯುತ್ತವೆಂದು ಜಗತ್ತಿಗೆ ತೋರಿಸಿಕೊಟ್ಟವರು ಅವರೇ. ಈ ಕಾವಲುಪಡೆಯನ್ನು ಮುಂಚಿತವಾಗಿ ಸಜ್ಜುಗೊಳಿಸುವ ಕಾರ್ಯದಲ್ಲಿಯೇ ಶಿಷ್ಯನ ಬಾಳು ಸವೆಯಿತು.

1889ರಲ್ಲಿ ಹಾಫ್‌ಕಿನ್ನರು ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಗ್ರಂಥಪಾಲಕರ ಸಹಾಯಕರಾಗಿ ಸೇರಿದರು. ಬಿಡುವಿನಲ್ಲಿ ಸಂಶೋಧನೆ ನಡೆಸಿ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿ, 1892ರಲ್ಲಿ ಮೊದಲು ತಮ್ಮ ದೇಹಕ್ಕೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದರು.

1896ರಲ್ಲಿ ಮುಂಬಯಿಗೆ ಪ್ಲೇಗು ಮಾರಿ ಬಂದೆರಗಿತು. ಜನರು ಮನೆಮಾರು ತೊರೆದು ಊರಿಗೆ ಓಡತೊಡಗಿದರು. ಅದೇ ಹೊತ್ತಿನಲ್ಲಿ ಹಾಫ್‌ಕಿನ್ನರು ಈ ನಗರಕ್ಕೆ ಬಂದರು. ಬೈಕುಲ್ಲಾದ ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಕೋಣೆ ಮತ್ತು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು: ಇಷ್ಟೇ ಅವರಿಗಿದ್ದ ಅನುಕೂಲ. ರೋಗಾಣುಗಳನ್ನು ಬೆಳೆಸಿ, ಶಾಖದಿಂದ ಕೊಂದು ಲಸಿಕೆ ತಯಾರಿಸಿದರು. ಸತ್ತ ರೋಗಾಣು ರೋಗವನ್ನು ತರಲಾರದು. ಆದರೆ ಶತ್ರುವಿನ ಗುರುತನ್ನು ದೇಹಕ್ಕೆ ಕಲಿಸಬಲ್ಲದು. 1897ರ ಜನವರಿ 10ರಂದು ಅವರು ಆ ಲಸಿಕೆಯನ್ನೂ ತಾವೇ ಮೊದಲು ಚುಚ್ಚಿಸಿಕೊಂಡರು. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿಯೂ ಸಾವಿರಾರು ಜನರು ಅದನ್ನು ಪಡೆದರು.

ಆದರೆ 1902ರಲ್ಲಿ ಪಂಜಾಬಿನ ಮುಲ್ಕೋವಾಲದಲ್ಲಿ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಮಡಿದರು. ಅಪವಾದವು ಹಾಫ್‌ಕಿನ್ನರ ಮೇಲೆ ಬಿದ್ದು ಅವರು ಹುದ್ದೆಯನ್ನು ಕಳೆದುಕೊಂಡರು. ಅಲ್ಲಿ ನೆಲಕ್ಕೆ ಬಿದ್ದ ಚಿಮುಟವನ್ನು ಸರಿಯಾಗಿ ಶುದ್ಧಿಗೊಳಿಸದೆ ಬಳಸಿದ್ದರೆಂಬ ಸಂಗತಿ ಬೆಳಕಿಗೆ ಬಂದರೂ ನ್ಯಾಯವು ತಡವಾಯಿತು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಅವರ ಪರವಾಗಿ ನಿಂತ ಮೇಲೆ 1907ರಲ್ಲಿ ಕಳಂಕವು ತೊಲಗಿತು. ಅವರು ಮುನಿಸು ತಾಳದೆ ಮತ್ತೆ ಭಾರತದ ಸೇವೆಗೆ ಬಂದರು. 1925ರಲ್ಲಿ ಪರೇಲಿನ ಪ್ರಯೋಗಾಲಯಕ್ಕೆ ಅವರ ಹೆಸರನ್ನಿಡಲಾಯಿತು. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನಿನಲ್ಲಿ ಅವರು ಕಾಲವಾದರು.

ಗುರುಶಿಷ್ಯರು ನಂಬಿದ ಕಾವಲುಪಡೆಯ ವಿಷಯ ಇಂದು ಇನ್ನಷ್ಟು ತಿಳಿದಿದೆ. ಕಾಮಾಲೆ ತರುವ ವೈರಾಣುಗಳು ಯಕೃತ್ತಿನ ಕೋಶಗಳ ಒಳಹೊಕ್ಕು ಅಡಗುತ್ತವೆ. 1970ರ ದಶಕದಲ್ಲಿ ಗುರುತಿಸಲಾದ ಸಹಜ ಹಂತಕ ಕೋಶಗಳು ಮುಂಚಿತ ಶಿಕ್ಷಣವಿಲ್ಲದೆಯೇ ಅಂತಹ ಸೋಂಕಿತ ಕೋಶಗಳನ್ನು ಕೊಲ್ಲಬಲ್ಲವು. ಆದರೂ ಅವು ಸದಾ ಗೆಲ್ಲುವುದಿಲ್ಲ. ಆದುದರಿಂದಲೇ ನವಜಾತ ಶಿಶುಗಳಿಗೆ ಹೆಪಟೈಟಿಸ್ ಬಿ ಲಸಿಕೆ ಕೊಟ್ಟು, ಶತ್ರುವಿನ ಗುರುತನ್ನು ದೇಹಕ್ಕೆ ಮೊದಲೇ ಕಲಿಸುತ್ತಾರೆ.

ವಿದ್ಯಾರ್ಥಿಗಳೇ, ಪರರಿಗೆ ಕೊಡುವ ಮದ್ದನ್ನು ತನ್ನ ಮೇಲೆಯೇ ಮೊದಲು ಪರೀಕ್ಷಿಸಿಕೊಳ್ಳುವ ಧೈರ್ಯ, ಅಪವಾದ ಬಂದಾಗಲೂ ಕೆಲಸವನ್ನು ಬಿಡದ ಸಹನೆ, ಇವೆರಡನ್ನೂ ಈ ಮಹನೀಯರ ಬಾಳಿನಿಂದ ನಾವು ಕಲಿಯೋಣ.