ಕಮಲಾದೇವಿ ದಾಟಿದ ಹೊಸ್ತಿಲು

1879ರಲ್ಲಿ ಕೋಪನ್‌ಹೇಗನ್ನಿನ ರಂಗದ ಮೇಲೆ ಇಬ್ಸೆನ್ನನ ನೋರಾ ಗಂಡನ ಮನೆಯ ಬಾಗಿಲೆಳೆದುಕೊಂಡು ಹೊರನಡೆದಳು. ನಾಟಕ ಅಲ್ಲಿಗೆ ಮುಗಿಯುತ್ತದೆ. ಮರುದಿನ ಆಕೆ ಉಂಡದ್ದೇನು, ತಂಗಿದ್ದೆಲ್ಲಿ ಎಂಬುದನ್ನು ನಾಟಕಕಾರ ಹೇಳುವುದಿಲ್ಲ. ಕನ್ನಡ, ಕೊಂಕಣಿಗಳೆರಡೂ ಕಿವಿಗೆ ಬೀಳುವ ಅನಮೋಡದಲ್ಲಿ ಕುಳಿತು ಆ ನಾಟಕ ಓದುವಾಗಲೆಲ್ಲ ನನಗೆ ನೆನಪಾಗುವವರು ಕಮಲಾದೇವಿ ಚಟ್ಟೋಪಾಧ್ಯಾಯ.

1903ರಲ್ಲಿ ಮಂಗಳೂರಿನ ಸಾರಸ್ವತ ಮನೆತನದಲ್ಲಿ ಹುಟ್ಟಿದವರು. ತಂದೆ ಅನಂತಯ್ಯ ಧಾರೇಶ್ವರ; ಆ ಮನೆಹೆಸರಿನಲ್ಲಿ ನಮ್ಮ ಜಿಲ್ಲೆಯ ಕುಮಟಾ ಕರಾವಳಿಯ ಊರಿದೆ. ಮಗಳಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಉಯಿಲು ಇರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿ ಗಿರಿಜಾಬಾಯಿಗೆ ಉಳಿದದ್ದು ತಿಂಗಳ ಜೀವನಾಂಶ ಮಾತ್ರ. ಆಕೆ ಅದನ್ನೂ ನಿರಾಕರಿಸಿ ತನ್ನ ಸ್ತ್ರೀಧನದಲ್ಲೇ ಮಗಳನ್ನು ಬೆಳೆಸಿದರು. ಕಮಲಾದೇವಿಯವರ ಮುಂದಿನ ಬದುಕೆಲ್ಲ ಆ ನಿರಾಕರಣೆಯಿಂದಲೇ ಮೊದಲಾಯಿತು ಎಂದು ನಾನು ನಂಬುತ್ತೇನೆ.

ಹದಿನಾಲ್ಕಕ್ಕೆ ಮದುವೆ, ಎರಡೇ ವರ್ಷದಲ್ಲಿ ವೈಧವ್ಯ. ತಲೆ ಬೋಳಿಸಿ ಮೂಲೆ ಹಿಡಿಸುವ ಪದ್ಧತಿಯಿದ್ದ ಸಮಾಜದಲ್ಲಿ ಆಕೆ ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಓದಿದರು. ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥರನ್ನು ವರಿಸಿದಾಗ ಸಂಪ್ರದಾಯಸ್ಥರು ಕೆರಳಿದರು. ವಿಧವೆ ಮರುಮದುವೆಯಾದದ್ದಲ್ಲದೆ, ಜಾತಿ ಬಿಟ್ಟು ಬಂಗಾಳಿಯನ್ನು ಆರಿಸಿಕೊಂಡಿದ್ದರಲ್ಲ!

ಮಾನವಂತರ ಮನೆಯ ಹೆಣ್ಣು ಬಣ್ಣ ಹಚ್ಚುವುದೇ ಅವಮಾನವೆನಿಸಿದ್ದ ಆ ಕಾಲದಲ್ಲಿ ಪತಿಯ ನಾಟಕಗಳಲ್ಲಿ ಅಭಿನಯಿಸಿದರು. 1931ರ ಮೂಕಚಿತ್ರ ‘ವಸಂತಸೇನಾ’ದಲ್ಲೂ ಪಾತ್ರ ವಹಿಸಿದರು. ಕನ್ನಡ ರಂಗಭೂಮಿಗೆ ನಡುಮನೆಯ ಮಾತನ್ನು ತಂದ ಕೈಲಾಸಂ ಅದೇ ಚಿತ್ರದ ನಟರಲ್ಲೊಬ್ಬರು. 1926ರಲ್ಲಿ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಅತ್ಯಲ್ಪ ಮತಗಳಿಂದ ಸೋತದ್ದು, 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮುಂಬಯಿಯಲ್ಲಿ ಸೆರೆಯಾದದ್ದು ಎಲ್ಲರಿಗೂ ತಿಳಿದ ಸಂಗತಿ. ಜನ ಮರೆತದ್ದು ಮತ್ತೊಂದು: ಪ್ರೀತಿಸಿ ಕಟ್ಟಿಕೊಂಡ ಆ ಎರಡನೆಯ ದಾಂಪತ್ಯವೂ ಹೊಂದದಾದಾಗ, ಸಣ್ಣ ಮಗನಿದ್ದರೂ, ಅವರು ವಿಚ್ಛೇದನ ಪಡೆದರು. ವಿಧವಾ ವಿವಾಹವನ್ನು ಮೆಚ್ಚಿದ್ದ ಸುಧಾರಕರಿಗೂ ಇದು ಸುಲಭದ ತುತ್ತಾಗಿರಲಿಲ್ಲ.

ನೋರಾಳ ಮರುದಿನದ ಪ್ರಶ್ನೆ, ಅಂದರೆ ದುಡಿಮೆಯ ಪ್ರಶ್ನೆ, ಅವರ ಬೆನ್ನು ಬಿಡಲಿಲ್ಲ. 1952ರಿಂದ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತು ನೇಕಾರರು, ಕುಂಬಾರರು, ಕಸೂತಿಯ ಹೆಂಗಸರ ಕೈಕೆಲಸಕ್ಕೆ ಮಾರುಕಟ್ಟೆ ಹುಡುಕಿದರು. 1986ರಲ್ಲಿ ಬಂದ ಆತ್ಮಕಥೆ ದಾಂಪತ್ಯದ ವಿಷಯದಲ್ಲಿ ಬಹುಮಟ್ಟಿಗೆ ಮೌನಿ. ಎರಡು ವರ್ಷಗಳ ನಂತರ, 1988ರ ಅಕ್ಟೋಬರಿನಲ್ಲಿ, ಮುಂಬಯಿಯಲ್ಲಿ ತೀರಿಕೊಂಡರು.